ಪುಣೆಯ ಕರಿನೆಲ ಮತ್ತು ರಾತ್ರಿಯ ಶಾಖ: ‘ರಾಮದಾಸ್ ಸ್ತರ’ದ ಇತಿಹಾಸವನ್ನು ಕುರಿತು

ಕನ್ನಡ ಸಂಶೋಧನೆಯಲ್ಲಿ ಪುಣೆಯ ಹೆಸರು ಬಂದಾಗಲೆಲ್ಲ ಅದರೊಡನೆ ಬರುವ ಸಂಗತಿಗಳು ಬಹುಮಟ್ಟಿಗೆ ನಿಶ್ಚಿತವಾಗಿವೆ. ಫರ್ಗ್ಯುಸನ್ ಕಾಲೇಜಿನಲ್ಲಿ ಓದಿದ ದ. ರಾ. ಬೇಂದ್ರೆಯವರು, ಅದೇ ಕಾಲೇಜಿನಲ್ಲಿ ತತ್ತ್ವಶಾಸ್ತ್ರವನ್ನು ಬೋಧಿಸಿದ ಜಮಖಂಡಿಯ ರಾ. ದ. ರಾನಡೆಯವರು, ೧೯೧೭ರಲ್ಲಿ ಸ್ಥಾಪಿತವಾದ ಭಾಂಡಾರಕರ ಪ್ರಾಚ್ಯವಿದ್ಯಾ ಸಂಶೋಧನ ಮಂದಿರ, ಇವೇ ಆ ಸಂಗತಿಗಳು. ಇವುಗಳ ಮಹತ್ವವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಬೆಳಗಾವಿ, ಧಾರವಾಡ, ವಿಜಾಪುರ, ಕಾರವಾರ ಜಿಲ್ಲೆಗಳು ೧೯೫೬ರವರೆಗೆ ಮುಂಬಯಿ ಆಡಳಿತಕ್ಕೆ ಸೇರಿದ್ದವೆಂಬುದನ್ನು ನೆನೆದಾಗ, ಪುಣೆ ಆ ಭಾಗದ ಕನ್ನಡಿಗರಿಗೆ ವಿದ್ಯಾಕೇಂದ್ರವಾಗಿದ್ದಂತೆಯೇ ಅವರ ಮಣ್ಣು, ಮಳೆ, ಬೆಳೆಗಳ ಅಧ್ಯಯನಕ್ಕೂ ಕೇಂದ್ರವಾಗಿತ್ತೆಂಬುದು ಮನವರಿಕೆಯಾಗುತ್ತದೆ. ಧಾರವಾಡದಲ್ಲಿ ಕೃಷಿ ಕಾಲೇಜು ಆರಂಭವಾದದ್ದು ೧೯೪೭ರಲ್ಲಿ. ಅದಕ್ಕೆ ಮೊದಲು ಆ ಪ್ರಾಂತದಲ್ಲಿ ಕೃಷಿವಿಜ್ಞಾನದ ಉಚ್ಚಶಿಕ್ಷಣವೆಂದರೆ ಪುಣೆಯ ಕೃಷಿ ಕಾಲೇಜೇ ಆಗಿತ್ತು. ಆ ಕಾಲೇಜಿನ ಹೊಲದಲ್ಲಿ, ೧೯೩೦ರ ದಶಕದ ಆರಂಭದಲ್ಲಿ, ನೆಲ ಶಾಖವನ್ನು ಹೇಗೆ ಕೂಡಿಡುತ್ತದೆ, ಹೇಗೆ ಬಿಟ್ಟುಕೊಡುತ್ತದೆ ಎಂಬ ಪ್ರಶ್ನೆಯನ್ನು ಹಿಡಿದು ನಡೆದ ಕೆಲಸವನ್ನೂ, ಅದರಿಂದ ಹೊರಟ ಒಂದು ವಿವಾದವನ್ನೂ ಪ್ರಸ್ತುತ ಲೇಖನದಲ್ಲಿ ಅವಲೋಕಿಸುತ್ತೇವೆ.

ಭಾರತೀಯ ಹವಾಮಾನ ಇಲಾಖೆಯ ಕೇಂದ್ರ ಕಚೇರಿ ಸಿಮ್ಲಾದಿಂದ ಪುಣೆಗೆ ಬಂದದ್ದು ೧೯೨೮ರಲ್ಲಿ. ಶಿವಾಜಿನಗರದ ಆ ಕಟ್ಟಡವನ್ನು ಊರಿನ ಜನ ಇಂದಿಗೂ ‘ಸಿಮ್ಲಾ ಆಫೀಸ್’ ಎಂದೇ ಕರೆಯುತ್ತಾರೆ. ಕೇಂದ್ರ ಕಚೇರಿ ಮಹಾಯುದ್ಧದ ಕಾಲದಲ್ಲಿ, ೧೯೪೪ರಲ್ಲಿ, ದೆಹಲಿಗೆ ಹೋಯಿತಾದರೂ ಹೆಸರು ಮಾತ್ರ ಉಳಿದುಕೊಂಡಿತು. ಕಚೇರಿ ಪುಣೆಗೆ ಬಂದ ವರ್ಷವೇ ಲಿನ್‌ಲಿತ್‌ಗೋ ಅವರ ಅಧ್ಯಕ್ಷತೆಯ ರಾಜಕೀಯ ಕೃಷಿ ಆಯೋಗದ ವರದಿಯೂ ಹೊರಬಿತ್ತು. ಅದರ ಹಿನ್ನೆಲೆಯಲ್ಲಿ, ಹೊಸದಾಗಿ ರೂಪುಗೊಂಡಿದ್ದ ಕೃಷಿ ಸಂಶೋಧನ ಪರಿಷತ್ತಿನ ನೆರವಿನಿಂದ, ೧೯೩೨ರಲ್ಲಿ ಪುಣೆಯಲ್ಲಿ ಕೃಷಿ ಹವಾಮಾನ ವಿಭಾಗ ಆರಂಭವಾಯಿತು. ಅದರ ಮುಖ್ಯಸ್ಥರಾದವರು ಎಲ್. ಎ. ರಾಮದಾಸ್ ಅವರು. ೧೯೦೦ರಲ್ಲಿ ಜನಿಸಿದ, ಪಾಲಕ್ಕಾಡಿನ ಈ ವಿಜ್ಞಾನಿ ಕಲ್ಕತ್ತೆಯಲ್ಲಿ ಸಿ. ವಿ. ರಾಮನ್ ಅವರ ಶಿಷ್ಯರಾಗಿದ್ದು, ಬೆಳಕಿನ ಚದರಿಕೆಯ ಅಭ್ಯಾಸದಿಂದ ಹವಾಮಾನ ಇಲಾಖೆಗೆ ಬಂದವರು. ಪ್ರಯೋಗಶಾಲೆಯ ಭೌತವಿಜ್ಞಾನಿ ಹೊಲದ ಬದುವಿನ ಮೇಲೆ ಕುಳಿತಾಗ ಕೇಳುವ ಪ್ರಶ್ನೆಗಳೇ ಬೇರೆ ಎಂಬುದಕ್ಕೆ ಅವರ ಕೆಲಸವೇ ಸಾಕ್ಷಿ.

ರಾಮದಾಸ್ ಅವರು ಎಸ್. ಆತ್ಮನಾಥನ್ ಅವರೊಡನೆ ೧೯೩೨ರಲ್ಲಿ ಜರ್ಮನಿಯ ಒಂದು ಭೂಭೌತ ಪತ್ರಿಕೆಯಲ್ಲಿ ಅತಿ ಚಿಕ್ಕದಾದ ಒಂದು ಟಿಪ್ಪಣಿಯನ್ನು ಪ್ರಕಟಿಸಿದರು. ರಾತ್ರಿಯ ವೇಳೆ ನೆಲದ ಸಮೀಪದ ಗಾಳಿಯಲ್ಲಿ ಉಷ್ಣತೆ ಎತ್ತರಕ್ಕೆ ತಕ್ಕಂತೆ ಹೇಗೆ ಹಂಚಿಕೆಯಾಗುತ್ತದೆ ಎಂಬುದು ಅದರ ವಿಷಯ. ಎರಡು ಪುಟಗಳ ಆ ಟಿಪ್ಪಣಿ ಹೇಳಿದ್ದು ಇಷ್ಟು: ಗಾಳಿ ಸ್ತಬ್ಧವಾಗಿದ್ದು ಆಕಾಶ ನಿರಭ್ರವಾಗಿದ್ದಾಗ, ಬರಿನೆಲದ ಮೇಲೆ ಅತ್ಯಂತ ತಣ್ಣನೆಯ ಜಾಗ ನೆಲವಲ್ಲ, ನೆಲದಿಂದ ಕೆಲವು ಗೇಣು ಮೇಲಿರುವ ಗಾಳಿ. ಸುಮಾರು ೨೦ರಿಂದ ೫೦ ಸೆಂಟಿಮೀಟರ್ ಎತ್ತರದಲ್ಲಿ ಗಾಳಿ ನೆಲಕ್ಕಿಂತ ಕೆಲವು ಡಿಗ್ರಿಗಳಷ್ಟು ತಣ್ಣಗಿರಬಹುದು.

ಓದುಗರಿಗೆ ಇದು ಸಣ್ಣ ವಿಷಯವೆಂದು ತೋರಬಹುದು. ಆದರೆ ಅಂದಿನ ಪಠ್ಯಪುಸ್ತಕಗಳ ಮಾತು ಇದಕ್ಕೆ ನೇರ ವಿರುದ್ಧವಾಗಿತ್ತು. ಹಗಲು ಬಿಸಿಲಿನಿಂದ ಕಾಯುವುದು ನೆಲ. ರಾತ್ರಿ ಆಕಾಶಕ್ಕೆ ಶಾಖವನ್ನು ಸೂಸಿ ತಣಿಯುವುದೂ ನೆಲವೇ. ಗಾಳಿ ನೆಲವನ್ನು ಅನುಸರಿಸುತ್ತದೆ. ಆದುದರಿಂದ ರಾತ್ರಿ ಅತಿ ಕಡಿಮೆ ಉಷ್ಣತೆ ನೆಲದ ಮೇಲೆಯೇ ಇರಬೇಕು, ಮೇಲೆ ಹೋದಂತೆ ಗಾಳಿ ಬೆಚ್ಚಗಾಗಬೇಕು. ಇಂಗ್ಲೆಂಡಿನ ಡಬ್ಲ್ಯೂ. ಸಿ. ವೆಲ್ಸ್ ೧೮೧೪ರಲ್ಲಿ ಇಬ್ಬನಿಯನ್ನು ಕುರಿತು ಬರೆದ ಪ್ರಬಂಧದಿಂದ ಹಿಡಿದು, ರುಡಾಲ್ಫ್ ಗೈಗರ್ ಅವರು ನೆಲದ ಹತ್ತಿರದ ವಾಯುಗುಣವನ್ನು ಕುರಿತು ೧೯೨೭ರಲ್ಲಿ ಪ್ರಕಟಿಸಿದ ಗ್ರಂಥದವರೆಗೆ ಇದೇ ತಿಳಿವಳಿಕೆ. ಜೊತೆಗೆ ಇನ್ನೊಂದು ತೊಡಕು: ತಣ್ಣನೆಯ ಗಾಳಿ ಭಾರವಾದದ್ದು. ಅದು ಬೆಚ್ಚನೆಯ ಗಾಳಿಯ ಮೇಲೆ ಗಂಟೆಗಟ್ಟಲೆ ನಿಂತಿರುವುದು ಹೇಗೆ? ಅದು ಕೆಳಗಿಳಿಯಬೇಕು, ಪದರ ಕಲಸಿಹೋಗಬೇಕು. ಪುಣೆಯಲ್ಲಿ ಅದು ಹಾಗೆ ಕಲಸಿಹೋಗಲಿಲ್ಲ.

ಇಲ್ಲಿ ನೆಲವೆಂಬ ದ್ರವ್ಯದ ಸ್ವಭಾವವನ್ನು ಸ್ವಲ್ಪ ವಿಸ್ತಾರವಾಗಿ ನೋಡುವುದು ಅವಶ್ಯ. ಈ ಇಡೀ ಚರ್ಚೆಯಲ್ಲಿ ಎಲ್ಲರೂ ಗಾಳಿಯನ್ನು ಕುರಿತು ಮಾತನಾಡಿದರಾದರೂ ಕಥೆಯ ಅರ್ಧಭಾಗ ಮಣ್ಣಿನೊಳಗಿದೆ ಎಂಬುದು ನಮ್ಮ ಅಭಿಪ್ರಾಯ. ಯಾವುದೇ ದ್ರವ್ಯದ ಶಾಖವ್ಯವಹಾರಕ್ಕೆ ಎರಡು ಗುಣಗಳು ಆಧಾರ. ಒಂದು, ಶಾಖವನ್ನು ಸಾಗಿಸುವ ಗುಣ; ಅದು ವಾಹಕತೆ. ಇನ್ನೊಂದು, ಶಾಖವನ್ನು ಒಳಗಿಟ್ಟುಕೊಳ್ಳುವ ಗುಣ, ಅದು ಧಾರಕತೆ. ಒಂದು ಘನಮೀಟರ್ ದ್ರವ್ಯದ ಉಷ್ಣತೆಯನ್ನು ಒಂದು ಡಿಗ್ರಿ ಏರಿಸಲು ಬೇಕಾಗುವ ಶಾಖವೇ ಇದರ ಅಳತೆ. ಗಾಳಿ ಎರಡರಲ್ಲಿಯೂ ಬಡವ. ನಿಂತ ಗಾಳಿಯ ವಾಹಕತೆ ಮೀಟರಿಗೆ, ಡಿಗ್ರಿಗೆ ಸುಮಾರು ೦.೦೨೫ ವ್ಯಾಟ್, ನೀರಿನದು ೦.೬ರ ಆಸುಪಾಸು, ದಖ್ಖನಿನ ಕರಿಕಲ್ಲಿನದು ಸುಮಾರು ೨. ಧಾರಕತೆಯಲ್ಲಿ ನೀರು ಎಲ್ಲಕ್ಕಿಂತ ಮುಂದೆ. ಘನಮೀಟರಿಗೆ ಸುಮಾರು ೪೨ ಲಕ್ಷ ಜೂಲ್. ಕರಿಕಲ್ಲು ಅದರ ಅರ್ಧಕ್ಕಿಂತ ತುಸು ಹೆಚ್ಚು. ಮಣ್ಣು ಈ ಮೂರರ ಮಿಶ್ರಣ: ಕಲ್ಲಿನ ಕಣ, ಕಣಗಳ ನಡುವೆ ಗಾಳಿ, ಮಳೆಯಾದಾಗ ನೀರು. ಒಣಗಿದ ಸಡಿಲ ಮಣ್ಣಿನಲ್ಲಿ ಕಣದಿಂದ ಕಣಕ್ಕೆ ಶಾಖ ದಾಟಬೇಕಾದರೆ ಗಾಳಿಯ ಹಳ್ಳಗಳನ್ನು ಹಾಯಬೇಕು. ಅದೇ ಮಣ್ಣು ನೆನೆದಾಗ ಕಣಗಳ ನಡುವೆ ನೀರಿನ ಸೇತುವೆ ಕಟ್ಟಿಕೊಳ್ಳುತ್ತದೆ. ವಾಹಕತೆ ಹಲವು ಪಟ್ಟು ಏರುತ್ತದೆ, ಧಾರಕತೆಯೂ ಇಮ್ಮಡಿಯಷ್ಟಾಗುತ್ತದೆ.

ಹೊರನಾಡಿನ ಓದುಗರ ಗಮನಕ್ಕಾಗಿ ಒಂದು ಮಾತು. ಉತ್ತರ ಕರ್ನಾಟಕದಲ್ಲಿ ‘ಎರೆ’ ಎಂದು ಕರೆಯುವ ಕರಿಮಣ್ಣು ಈ ಕರಿಕಲ್ಲು ಶಿಥಿಲವಾಗಿ ಆದದ್ದೇ. ಮಳೆಗೆ ಉಬ್ಬಿ, ಬೇಸಿಗೆಗೆ ಕೈ ತೂರುವಷ್ಟು ಬಿರುಕುಬಿಡುವ ಈ ಮಣ್ಣು ಪುಣೆಯಿಂದ ಸೋಲಾಪುರ, ವಿಜಾಪುರ, ಕಲಬುರಗಿ, ರಾಯಚೂರುಗಳವರೆಗೆ ಹಬ್ಬಿದೆ. ಭಾಷೆಯ ಗಡಿ ಈ ಮಣ್ಣಿಗೆ ಗೊತ್ತಿಲ್ಲ. ಇದರ ಶಾಖಗುಣವನ್ನು ಆ ಸೀಮೆಯ ಜನ ಅಂಕಿಗಳಿಲ್ಲದೆಯೇ ಬಳಸಿಕೊಂಡಿದ್ದಾರೆ. ಧಾನ್ಯವನ್ನು ಸಂಗ್ರಹಿಸಲು ತೋಡುತ್ತಿದ್ದ ನೆಲಗುಳಿಯನ್ನು ಕನ್ನಡದಲ್ಲಿ ಹಗೇವು ಎನ್ನುತ್ತಾರೆ, ಮರಾಠಿಯಲ್ಲಿ ಪೇವ. ಹಗಲು ರಾತ್ರಿಗಳ ಉಷ್ಣತೆಯ ಏರಿಳಿತ ಮಣ್ಣಿನಲ್ಲಿ ಸುಮಾರು ೧೦ ಸೆಂಟಿಮೀಟರ್ ಇಳಿಯುವಷ್ಟರಲ್ಲಿ ಮೂರನೆಯ ಒಂದು ಭಾಗದಷ್ಟಕ್ಕೆ ಕುಗ್ಗುತ್ತದೆ, ನಾಲ್ಕು ಗಂಟೆಗಳಷ್ಟು ತಡವಾಗಿಯೂ ತಲಪುತ್ತದೆ. ಅರ್ಧ ಮೀಟರಿನ ಕೆಳಗೆ ದಿನದ ಬಿಸಿಲಿನ ಸುದ್ದಿಯೇ ಇರುವುದಿಲ್ಲ. ವರ್ಷದ ಏರಿಳಿತ ಮಾತ್ರ ಇದರ ೧೯ ಪಟ್ಟು ಆಳಕ್ಕೆ, ಅಂದರೆ ಸುಮಾರು ೨ ಮೀಟರಿಗೆ, ಅದೇ ಪ್ರಮಾಣದಲ್ಲಿ ಕುಗ್ಗಿ ಇಳಿಯುತ್ತದೆ. ಹಗೇವಿನ ಜೋಳ ಈ ನಿಶ್ಚಲತೆಯಲ್ಲಿ ಕುಳಿತಿರುತ್ತಿತ್ತು. ಮಣ್ಣಿನ ಮಾಳಿಗೆಯ ಮನೆಗಳಲ್ಲಿ ಬೇಸಿಗೆಯ ರಾತ್ರಿ ಜನ ಒಳಗೆ ಮಲಗದೆ ಮಾಳಿಗೆಯ ಮೇಲೆ ಮಲಗುವುದಕ್ಕೂ ಇದೇ ಕಾರಣ: ಮಧ್ಯಾಹ್ನ ಗೋಡೆಯ ಹೊರಮೈಗೆ ತಾಗಿದ ಬಿಸಿ ಒಳಮೈಗೆ ಬಂದು ಮುಟ್ಟುವುದು ರಾತ್ರಿಯ ಹೊತ್ತಿಗೆ.

ರಾತ್ರಿ ನೆಲದೊಳಗಿನಿಂದ ಶಾಖ ಮೇಲಕ್ಕೆ ಬರುತ್ತದೆಂಬ ಅರಿವು ಭಾರತದಲ್ಲಿ ಇನ್ನೊಂದು ಕಸುಬಿಗೂ ಆಧಾರವಾಗಿತ್ತು. ಸರ್ ರಾಬರ್ಟ್ ಬಾರ್ಕರ್ ಎಂಬ ಸೇನಾಧಿಕಾರಿ ಅಲಹಾಬಾದಿನ ಸುತ್ತ ನಡೆಯುತ್ತಿದ್ದ ಮಂಜುಗಡ್ಡೆಯ ತಯಾರಿಕೆಯನ್ನು ೧೭೭೫ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ವರದಿ ಮಾಡಿದ್ದಾನೆ. ಬಯಲಿನಲ್ಲಿ ಆಳವಿಲ್ಲದ ಗುಂಡಿ ತೋಡಿ, ಅದರ ತಳದಲ್ಲಿ ಒಣಗಿದ ಕಬ್ಬಿನ ಅಥವಾ ಜೋಳದ ದಂಟುಗಳನ್ನು ದಪ್ಪವಾಗಿ ಹರಡಿ, ಅದರ ಮೇಲೆ ಮಣ್ಣಿನ ತಟ್ಟೆಗಳಲ್ಲಿ ನೀರಿಟ್ಟರೆ ನಿರಭ್ರವಾದ ಚಳಿಗಾಲದ ರಾತ್ರಿ ನೀರು ಹೆಪ್ಪುಗಟ್ಟುತ್ತಿತ್ತು. ವೆಲ್ಸ್ ತನ್ನ ಇಬ್ಬನಿಯ ಪ್ರಬಂಧದಲ್ಲಿ ಬಂಗಾಳದ ಇಂಥದೇ ತಯಾರಿಕೆಯನ್ನು ಚರ್ಚಿಸಿ, ನೀರು ತಣಿಯುವುದು ಆವಿಯಾಗುವುದರಿಂದಲ್ಲ, ಆಕಾಶಕ್ಕೆ ಶಾಖ ಸೂಸುವುದರಿಂದ ಎಂದು ವಾದಿಸಿದ. ನಮಗೆ ಇಲ್ಲಿ ಮುಖ್ಯವಾದದ್ದು ಆ ದಂಟುಗಳು. ದಂಟಿನ ಹಾಸು ಇಲ್ಲದಿದ್ದರೆ ನೆಲದ ಶಾಖ ತಟ್ಟೆಗೆ ಬಂದು ಸೇರುತ್ತಿತ್ತು, ಮಂಜುಗಡ್ಡೆ ಆಗುತ್ತಿರಲಿಲ್ಲ. ಹವಾಮಾನ ನಿಲ್ದಾಣಗಳಲ್ಲಿ ಹುಲ್ಲಿನ ತುದಿಯ ಮಟ್ಟದಲ್ಲಿ ಇಡುವ ಕನಿಷ್ಠ ತಾಪಮಾಪಕ ತೋರಿಸುವ ಕಡು ತಂಪಿಗೂ ಇದೇ ಕಾರಣ. ಹುಲ್ಲು ದಂಟಿನ ಹಾಸಿನ ಕೆಲಸ ಮಾಡುತ್ತದೆ. ಯುರೋಪಿನ ಅಳತೆಗಳಲ್ಲಿ ಬಹುಪಾಲು ಹುಲ್ಲಿನ ಮೇಲೆ ಆದವು. ರಾಮದಾಸ್ ಅಳೆದದ್ದು ಬರಿನೆಲದ ಮೇಲೆ.

ಕಾಕತಾಳೀಯವೆಂಬಂತೆ ಅದೇ ೧೯೩೨ರಲ್ಲಿ ಇಂಗ್ಲೆಂಡಿನ ಡೇವಿಡ್ ಬ್ರಂಟ್ ರಾತ್ರಿಯ ನೆಲ ತಣಿಯುವ ಕ್ರಮಕ್ಕೆ ಒಂದು ಸೂತ್ರವನ್ನು ಕೊಟ್ಟ. ಸೂರ್ಯಾಸ್ತದ ನಂತರ ನೆಲದ ಉಷ್ಣತೆ ಕಾಲದ ವರ್ಗಮೂಲಕ್ಕೆ ಅನುಗುಣವಾಗಿ ಇಳಿಯುತ್ತದೆ. ಮೊದಲ ಒಂದು ಗಂಟೆಯಲ್ಲಿ ೨ ಡಿಗ್ರಿ ಇಳಿದರೆ ೪ ಗಂಟೆಗಳ ಕೊನೆಗೆ ೪ ಡಿಗ್ರಿ, ೯ ಗಂಟೆಗಳ ಕೊನೆಗೆ ೬ ಡಿಗ್ರಿ. ಆ ಮೊದಲ ಗಂಟೆಯ ಇಳಿತ ಎಷ್ಟೆಂಬುದನ್ನು ನಿರ್ಧರಿಸುವುದು ವಾಹಕತೆ ಮತ್ತು ಧಾರಕತೆಗಳ ಗುಣಲಬ್ಧದ ವರ್ಗಮೂಲ. ಇದನ್ನು ಉಷ್ಣಜಡತ್ವ ಎನ್ನಬಹುದು. ಜಡತ್ವ ಹೆಚ್ಚಿದ್ದ ನೆಲ, ಎಂದರೆ ಹಸಿಯಾಗಿ ಗಟ್ಟಿಯಾಗಿ ಕುಳಿತ ನೆಲ, ನಿಧಾನವಾಗಿ ತಣಿಯುತ್ತದೆ. ಹಗಲು ಕೂಡಿಟ್ಟ ಶಾಖವನ್ನು ಒಳಗಿನಿಂದ ತಂದುಕೊಳ್ಳುತ್ತ ರಾತ್ರಿಯಿಡೀ ಮೇಲ್ಮೈಯನ್ನು ಬೆಚ್ಚಗಿಡುತ್ತದೆ. ಮೇಲಿನ ಗಾಳಿಗೆ ಅಂಥ ಉಗ್ರಾಣವಿಲ್ಲ. ಅದು ತನ್ನ ಶಾಖವನ್ನು ಸೂಸಿ ನೆಲಕ್ಕಿಂತ ಮುಂದಾಗಿ ತಣಿಯಲು ಸಾಧ್ಯ. ಪುಣೆಯ ವೀಕ್ಷಣೆ ಅಸಾಧ್ಯವಲ್ಲವೆಂಬುದಕ್ಕೆ ಬೇಕಾದ ಅರ್ಧ ಸಾಮಗ್ರಿ ಬ್ರಂಟನ ಸೂತ್ರದಲ್ಲಿಯೇ ಇತ್ತು. ಎರಡನ್ನೂ ಜೋಡಿಸಿ ನೋಡಲು ಬಹಳ ಕಾಲ ಹಿಡಿಯಿತು.

ಆ ನಡುವೆ ಸಂದೇಹಗಳು ಬೆಳೆದವು. ಉಪಕರಣದ ದೋಷವಿರಬಹುದು ಎಂಬುದು ಒಂದು ಬಗೆ. ಅಕ್ಕಪಕ್ಕದ ತಣ್ಣನೆಯ ಗಾಳಿ ಹರಿದುಬಂದು ಮೇಲೆ ನಿಂತಿರಬಹುದು ಎಂಬುದು ಇನ್ನೊಂದು ಬಗೆ. ಸಂದೇಹ ಪಡುವುದು ವಿಜ್ಞಾನದ ಧರ್ಮವೇ ಸರಿ, ಮತ್ತು ಇವೆರಡೂ ಕೇಳಲೇಬೇಕಾದ ಪ್ರಶ್ನೆಗಳು. ಆದರೆ ಸಂದೇಹವನ್ನು ನಿವಾರಿಸಲು ಬೇಕಾಗಿದ್ದದ್ದು ಒಂದು ಬರಿನೆಲ, ಒಂದು ಸ್ತಬ್ಧ ರಾತ್ರಿ, ಕೆಲವು ತಾಪಮಾಪಕಗಳು ಮಾತ್ರ. ಅಷ್ಟಕ್ಕೆ ಕಾಲುಶತಮಾನ ಹಿಡಿದದ್ದು ಏಕೆಂಬ ಪ್ರಶ್ನೆ ಇತಿಹಾಸಕಾರನನ್ನು ಕಾಡದೆ ಇರದು. ಇಂಗ್ಲೆಂಡಿನಲ್ಲಿ ಜೆ. ವಿ. ಲೇಕ್ ಅವರು ಬರಿನೆಲದ ಮೇಲಿನ ಅಳತೆಗಳಿಂದ ೧೯೫೬ರಲ್ಲಿ ಇದನ್ನು ಸಮರ್ಥಿಸಿದರು. ಜರ್ಮನಿಯ ಕೆ. ರಾಷ್ಕೆ ಅವರು ಪುಣೆಯ ನೆಲದ ಮೇಲೆಯೇ ಸೂಕ್ಷ್ಮವಾಗಿ ಅಳೆದು ೧೯೫೭ರಲ್ಲಿ ಜರ್ಮನ್ ಭಾಷೆಯಲ್ಲಿ ಪ್ರಕಟಿಸಿದ ಲೇಖನದ ಶೀರ್ಷಿಕೆಯಲ್ಲಿಯೇ ಪುಣೆಯ ಹೆಸರಿದೆ. ೧೯೭೦ರಲ್ಲಿ ಟಿ. ಆರ್. ಓಕ್ ಅವರ ಅಧ್ಯಯನ ಬಂದ ಮೇಲೆ ಸಂಗತಿಯ ಸತ್ಯತೆಯ ಬಗ್ಗೆ ಚರ್ಚೆ ಉಳಿಯಲಿಲ್ಲ. ಆ ತಣ್ಣನೆಯ ಗಾಳಿಯ ಪದರಕ್ಕೆ ‘ರಾಮದಾಸ್ ಸ್ತರ’ವೆಂಬ ಹೆಸರೂ ನಿಂತಿತು. ರಾಮದಾಸ್ ಅವರು ೧೯೭೯ರಲ್ಲಿ ತೀರಿಕೊಂಡರು. ಆಗಲೂ ‘ಏಕೆ’ ಎಂಬುದಕ್ಕೆ ಎಲ್ಲರೂ ಒಪ್ಪುವ ಉತ್ತರ ದೊರೆತಿರಲಿಲ್ಲ.

ರಾಮದಾಸ್ ಅವರು ಪುಣೆಯಲ್ಲಿ ಮಾಡಿದ ಇತರ ಕೆಲಸಗಳನ್ನು ಇಲ್ಲಿ ಸಂಕ್ಷೇಪವಾಗಿಯಾದರೂ ಹೇಳಬೇಕು. ಆರ್. ಕೆ. ದ್ರವಿಡ್ ಅವರೊಡನೆ ಅವರು ಕರಿಮಣ್ಣಿನ ಮೇಲೆ ಸೀಮೆಸುಣ್ಣದ ಬಿಳಿಪುಡಿಯ ತೆಳುಪದರ ಹರಡಿ, ಬಣ್ಣವೊಂದನ್ನು ಬದಲಿಸಿದರೆ ಮಣ್ಣಿನ ಉಷ್ಣತೆ ಎಷ್ಟು ಆಳದವರೆಗೆ ಇಳಿಯುತ್ತದೆಂದು ಪರೀಕ್ಷಿಸಿದರು. ಎಂ. ಎಸ್. ಕಟ್ಟಿ ಅವರೊಡನೆ ೧೯೩೪ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಮೋಡವಿಲ್ಲದ ಋತುವಿನಲ್ಲಿ ಪುಣೆಯ ಮಣ್ಣಿನ ತೇವಕ್ಕೂ ನೆಲದ ಹತ್ತಿರದ ಗಾಳಿಯ ತೇವಕ್ಕೂ ಇರುವ ಸಂಬಂಧವನ್ನು ವಿವೇಚಿಸಿದರು. ಕರಿಮಣ್ಣು ಹಗಲು ಕಳೆದುಕೊಂಡ ತೇವದಲ್ಲಿ ಒಂದಿಷ್ಟನ್ನು ರಾತ್ರಿ ಗಾಳಿಯಿಂದ ಮರಳಿ ಹೀರಿಕೊಳ್ಳುತ್ತದೆ ಎಂಬುದು ಈ ಅಭ್ಯಾಸಗಳಿಂದ ಸ್ಪಷ್ಟವಾಯಿತು. ತೇವ ಬದಲಾದರೆ ವಾಹಕತೆ ಬದಲಾಗುತ್ತದೆ ಎಂಬುದನ್ನು ನೆನೆದರೆ, ಈ ಕೆಲಸವೂ ಮೊದಲ ಪ್ರಶ್ನೆಯಿಂದ ದೂರದ್ದಲ್ಲ.

ಉತ್ತರದ ಹುಡುಕಾಟ ಮುಂದೆ ಬೆಂಗಳೂರಿಗೆ ಬಂತು. ಭಾರತೀಯ ವಿಜ್ಞಾನ ಸಂಸ್ಥೆಯ ರೊದ್ದಂ ನರಸಿಂಹ ಅವರು ದ್ರವಗತಿವಿಜ್ಞಾನದಲ್ಲಿ ಹೆಸರಾದವರು. ಅವರ ತಂದೆ ಆರ್. ಎಲ್. ನರಸಿಂಹಯ್ಯನವರು ಸೆಂಟ್ರಲ್ ಕಾಲೇಜಿನಲ್ಲಿ ಭೌತವಿಜ್ಞಾನದ ಅಧ್ಯಾಪಕರಾಗಿದ್ದು, ಕನ್ನಡದಲ್ಲಿ ವಿಜ್ಞಾನವನ್ನು ಬರೆದವರಲ್ಲಿ ಪ್ರಮುಖರು ಎಂಬುದು ನಮ್ಮ ಓದುಗರಿಗೆ ತಿಳಿದಿರಬಹುದು. ಎ. ಎಸ್. ವಾಸುದೇವಮೂರ್ತಿ ಮತ್ತು ಜೆ. ಶ್ರೀನಿವಾಸನ್ ಅವರೊಡನೆ ನರಸಿಂಹ ಅವರು ೧೯೯೩ರಲ್ಲಿ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಒಂದು ಸಿದ್ಧಾಂತವನ್ನು ಮಂಡಿಸಿದರು. ನೆಲದ ಉತ್ಸರ್ಜನ ಸಾಮರ್ಥ್ಯ ಪರಿಪೂರ್ಣವಲ್ಲ, ಒಂದಕ್ಕಿಂತ ತುಸು ಕಡಿಮೆ. ಆ ತುಸುವಿನಿಂದಲೇ ನೆಲದ ಹತ್ತಿರದ ನೀರಾವಿಯುಳ್ಳ ಗಾಳಿ ಅತಿಯಾಗಿ ತಣಿಯುತ್ತದೆ ಎಂಬುದು ಅದರ ತಿರುಳು. ಅವರ ಲೆಕ್ಕದಲ್ಲಿ ನೆಲ ತಣಿಯುವ ವೇಗವೂ ಒಂದು ಮುಖ್ಯ ಅಂಶ. ಬ್ರಂಟನ ವರ್ಗಮೂಲದ ನಿಯಮ ಇಲ್ಲಿ ಮರಳಿ ಬರುತ್ತದೆ. ನೆಲ ಬೇಗನೆ ತಣಿದರೆ ಮೇಲೆದ್ದ ಕನಿಷ್ಠ ಉಷ್ಣತೆ ಮಾಯವಾಗಿ ಮತ್ತೆ ನೆಲಕ್ಕೇ ಇಳಿಯುತ್ತದೆ. ನಿಧಾನವಾಗಿ ತಣಿದರೆ ಮೇಲೆ ನಿಲ್ಲುತ್ತದೆ. ಅರವತ್ತು ವರ್ಷಗಳ ಬಳಿಕ ೧೯೩೨ರ ಎರಡು ಬರಹಗಳು ಒಂದೇ ಲೆಕ್ಕದೊಳಗೆ ಕೂಡಿದ್ದು ಹೀಗೆ.

ಆದರೂ ಪ್ರಶ್ನೆ ಅಲ್ಲಿಗೆ ಮುಗಿಯಲಿಲ್ಲ. ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನ ಕೇಂದ್ರದಲ್ಲಿ ಕೆ. ಆರ್. ಶ್ರೀನಿವಾಸ್ ಮತ್ತು ಅವರ ಸಹೋದ್ಯೋಗಿಗಳು ೨೦೧೦ರಿಂದ ಈಚೆಗೆ ಪ್ರಕಟಿಸಿದ ಲೇಖನಗಳಲ್ಲಿ, ನೆಲದಿಂದ ಪ್ರತಿಫಲಿಸುವ ವಿಕಿರಣವನ್ನು ಹಿಂದಿನ ಲೆಕ್ಕ ನಿರ್ವಹಿಸಿದ ರೀತಿ ಸರಿಯಲ್ಲವೆಂದೂ, ಅದರಿಂದ ಇಲ್ಲದ ತಂಪು ಲೆಕ್ಕದಲ್ಲಿ ತೋರಿತೆಂದೂ ವಾದಿಸಿದರು. ಹೊಲದಲ್ಲಿಯೂ ಪ್ರಯೋಗಶಾಲೆಯಲ್ಲಿಯೂ ನಡೆಸಿದ ಪ್ರಯೋಗಗಳ ಆಧಾರದಿಂದ ಅವರು ತೋರಿಸಿದ ಕಾರಣ ಬೇರೆ: ನೆಲದ ಹತ್ತಿರ ಗಾಳಿಯಲ್ಲಿ ತೇಲುವ ಸೂಕ್ಷ್ಮ ಕಣಗಳು. ಅವು ಆಕಾಶಕ್ಕೆ ಶಾಖವನ್ನು ಸೂಸಿ ತಾವು ತಣಿದು ಸುತ್ತಲಿನ ಗಾಳಿಯನ್ನೂ ತಣಿಸುತ್ತವೆ. ಒಂದೇ ಊರಿನ ವಿದ್ವಾಂಸರು ಪರಸ್ಪರರ ಲೆಕ್ಕವನ್ನು ಹೀಗೆ ಬಹಿರಂಗವಾಗಿ ತಿದ್ದುವುದು ನಮ್ಮ ಮಾನವಿಕ ಶಾಸ್ತ್ರಗಳಲ್ಲಿ ಇಷ್ಟು ಸಲೀಸಾಗಿ ನಡೆಯುವುದಿಲ್ಲ ಎಂಬುದನ್ನು ಇಲ್ಲಿ ಹೇಳದೆ ಇರಲಾರೆವು. ಯಾವ ಸಿದ್ಧಾಂತ ಹಿಡಿದರೂ ನೆಲದ ಪಾತ್ರ ಮಾತ್ರ ಅಳಿಯುವುದಿಲ್ಲ. ತಣಿಸುವುದು ನೀರಾವಿಯಾಗಲಿ, ಧೂಳಾಗಲಿ, ಗಾಳಿಗಿಂತ ನೆಲ ಬೆಚ್ಚಗೆ ಉಳಿಯಬೇಕಾದರೆ ಅದು ಹಗಲಿನ ಶಾಖವನ್ನು ಒಳಗಿಟ್ಟುಕೊಂಡಿರಬೇಕು.

ಕರ್ನಾಟಕದ ಕೃಷಿ ಇತಿಹಾಸವನ್ನು ಅಭ್ಯಸಿಸುವವರಿಗೆ ಈ ಸಂಗತಿ ಏಕೆ ಬೇಕು? ೧೯೩೦ರ ದಶಕದಲ್ಲಿ ಕೃಷಿ ಸಂಶೋಧನ ಪರಿಷತ್ತು ಒಣಬೇಸಾಯದ ಅಭ್ಯಾಸಕ್ಕೆ ಐದು ಕೇಂದ್ರಗಳನ್ನು ಸ್ಥಾಪಿಸಿತು: ಸೋಲಾಪುರ, ವಿಜಾಪುರ, ರಾಯಚೂರು, ಬಳ್ಳಾರಿಯ ಹಗರಿ ಮತ್ತು ಪಂಜಾಬಿನಲ್ಲಿದ್ದ ರೋಹತಕ್. ಐದರಲ್ಲಿ ಮೂರು ಕನ್ನಡ ನೆಲದಲ್ಲಿವೆ. ನಾಲ್ಕನೆಯದಾದ ಸೋಲಾಪುರ ಕನ್ನಡಿಗರು ದೊಡ್ಡ ಸಂಖ್ಯೆಯಲ್ಲಿರುವ ಗಡಿ ಜಿಲ್ಲೆ. ವಿಜಾಪುರ ಮುಂಬಯಿಗೆ, ರಾಯಚೂರು ಹೈದರಾಬಾದಿಗೆ, ಹಗರಿ ಮದರಾಸಿಗೆ ಸೇರಿದ್ದ ಕಾಲವದು. ಆಡಳಿತ ಮೂರಾದರೂ ಮಣ್ಣು ಬಹುಮಟ್ಟಿಗೆ ಒಂದೇ, ಬೆಳೆಯೂ ಒಂದೇ: ಹಿಂಗಾರಿಯ ಬಿಳಿಜೋಳ. ಈ ಬೆಳೆ ಚಳಿಗಾಲದ ನಿರಭ್ರ, ಸ್ತಬ್ಧ ರಾತ್ರಿಗಳಲ್ಲಿಯೇ ಬೆಳೆಯುತ್ತದೆ. ಅದರ ಎಳೆಯ ಸಸಿಯ ಎತ್ತರ ಒಂದೆರಡು ಗೇಣು, ಎಂದರೆ ಸರಿಯಾಗಿ ರಾಮದಾಸ್ ಸ್ತರದ ಎತ್ತರ.

ರೈತ ಎಡೆಕುಂಟೆ ಹೊಡೆದು ಮೇಲ್ಮಣ್ಣನ್ನು ಸಡಿಲಗೊಳಿಸುವುದು ಬಿರುಕು ಮುಚ್ಚಿ ತೇವ ಉಳಿಸಲಿಕ್ಕೆ. ಆದರೆ ಸಡಿಲವಾಗಿ ಒಣಗಿದ ಆ ಎರಡು ಬೆರಳಿನ ಪದರ ಶಾಖಕ್ಕೂ ಮುಚ್ಚಳವಾಗುತ್ತದೆ. ಅಡಿಯ ಹಸಿಮಣ್ಣಿನ ಶಾಖ ಮೇಲೆ ಬರುವುದಿಲ್ಲ. ಮೇಲ್ಮೈ ಬೇಗ ತಣಿಯುತ್ತದೆ. ಅಲಹಾಬಾದಿನ ದಂಟಿನ ಹಾಸಿನಂತೆಯೇ ಇದು. ಹೀಗಾಗಿ ಕುಂಟೆ ಹೊಡೆದ ಹೊಲಕ್ಕೂ ಹೊಡೆಯದೆ ಗಟ್ಟಿಯಾಗಿ ಕುಳಿತ ಪಕ್ಕದ ಹೊಲಕ್ಕೂ ಒಂದೇ ರಾತ್ರಿ ಒಂದೇ ಚಳಿ ಇರುವುದಿಲ್ಲ.

ಆ ಕಾಲದ ಚಳಿಯನ್ನು ತಿಳಿಯಲು ನಾವು ಇಂದು ಆಶ್ರಯಿಸುವುದು ಹವಾಮಾನ ನಿಲ್ದಾಣಗಳ ದಾಖಲೆಗಳನ್ನು. ಅವುಗಳಲ್ಲಿರುವ ಕನಿಷ್ಠ ಉಷ್ಣತೆ ನೆಲದಿಂದ ಸುಮಾರು ೪ ಅಡಿ ಎತ್ತರದಲ್ಲಿ ಮರದ ಗೂಡಿನೊಳಗೆ ಇಟ್ಟ ತಾಪಮಾಪಕದ್ದು. ಬೆಳೆ ಸೀದುಹೋದ ವರ್ಷಗಳನ್ನೂ ಬರಗಾಲದ ಚಳಿಯನ್ನೂ ಈ ಅಂಕಿಗಳಿಂದ ವಿವರಿಸಹೊರಟ ಬರಹಗಳಲ್ಲಿ ದಾಖಲೆಗೂ ಬೆಳೆಹಾನಿಯ ವರದಿಗೂ ತಾಳೆಯಾಗದ ಕಡೆ ವರದಿಯೇ ಉತ್ಪ್ರೇಕ್ಷೆಯೆಂದು ತೀರ್ಮಾನಿಸುವುದು ಸುಲಭ. ಅಂಥಲ್ಲಿ ಮೊದಲು ಕೇಳಬೇಕಾದದ್ದು ಆ ಹೊಲದ ಮಣ್ಣು ಯಾವುದು, ಆ ವರ್ಷ ಹಿಂಗಾರಿ ಮಳೆ ಎಷ್ಟಾಗಿತ್ತು, ಎಡೆ ಹೊಡೆದಿತ್ತೇ ಎಂಬುದನ್ನು. ನಾಲ್ಕು ಅಡಿಯ ಎತ್ತರದ ತಾಪಮಾಪಕ ಒಂದೂವರೆ ಗೇಣಿನ ಸಸಿಯ ರಾತ್ರಿಯನ್ನು ಬರೆದಿಟ್ಟಿಲ್ಲ.